ಮಾಮೂಲಿಗೆ ಸೇರಿದ ಹಾಡು

ದೀಪ ಉರಿಯಲಿ ಬಿಡಿ, ಆರಿಸುವುದು ಬೇಡ. ಕತ್ತಲಲ್ಲಿ ಕೂರಿಸಿ ಹೆದರಿಸುವ ಚಟ ನನಗಿಲ್ಲ. ದೆವ್ವ ಅಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನು. ನನಗೆ ಭಯ ಹುಟ್ಟಿಸಿದವರೆಲ್ಲ ಬದುಕಿದ್ದವರೇ... ಮೇಸ್ತ್ರಿಗಳು, ಮಾಲೀಕರು, ಗೇಟಿನ ಹತ್ತಿರ ನಿಂತು ಚೀಲ ತಡಕುವವರು. ಆದರೆ ಇದು ನನ್ನ ಚಿಕ್ಕಪ್ಪನ ಮಗನಿಗೆ ಆದದ್ದು. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅರ್ಧ ಅವನು ಹೇಳಿದ್ದು, ಅರ್ಧ ನಾನೇ ಕಂಡದ್ದು, ಕೇಳಿದ್ದು. ಒಂದಕ್ಷರ ಹೆಚ್ಚು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಆ ರಾತ್ರಿ ಅವನು ಕ್ಲಬ್ಬಿನಲ್ಲಿ ಬ್ಯಾಂಡು ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ. ಕೊನೆಯ ಬಸ್ಸು ಹೋಗಿತ್ತು. ಕೈಯಲ್ಲಿ ಕ್ಲಾರಿನೆಟ್ಟಿನ ಪೆಟ್ಟಿಗೆ. ಅದರ ಒಂದು ಕೊಂಡಿ ಸಡಿಲ, ಹೆಜ್ಜೆ ಇಟ್ಟಾಗೆಲ್ಲ ಕಿಟಿ... ಕಿಟಿ... ಅನ್ನುತ್ತಿತ್ತು. ಗೋದಾಮುಗಳ ಹಿಂದಿನ ತಿರುವಿನಲ್ಲಿ ಒಂದು ಆಲದ ಮರ. ಅದರ ಕೆಳಗೆ ಹಾಳು ಬಾವಿ. ರಾಟೆಯನ್ನು ಯಾರೋ ಯಾವತ್ತೋ ಕಿತ್ತು ಮಾರಿಕೊಂಡಿದ್ದಾರೆ. ಹಗ್ಗ ಇಲ್ಲ, ಕೊಡ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಅವನು ಬಾವಿಯ ಹತ್ತಿರ ಬಂದಾಗ ಕುದಿಯುತ್ತಿದ್ದ. ಯಾಕೆ ಅನ್ನುವುದನ್ನು ಹೇಳಬೇಕು. ಅದನ್ನು ಹೇಳದಿದ್ದರೆ ಈ ಕತೆ ಬರೀ ದೆವ್ವದ ಕತೆಯಾಗುತ್ತದೆ.

ಬ್ಯಾಂಡಿನವರಲ್ಲಿ ಮಾಮೂಲು ಅಂತ ಒಂದಿದೆ. ಎಲ್ಲ ಊರಿನ ಎಲ್ಲ ಬ್ಯಾಂಡಿಗೂ ಬರುವ ಹಾಡುಗಳು. ಕುಣಿಯುವುದಕ್ಕೆ ಕೆಲವು, ಅಳುವುದಕ್ಕೆ ಕೆಲವು. ಮದುವೆ ಹೆಣ್ಣು ಒಳಗೆ ಬರುವಾಗ ಒಂದು, ಹೆಣ ಹೊರಗೆ ಹೋಗುವಾಗ ಒಂದು, ಕುಡಿದವರು ಮೇಜು ಗುದ್ದಿ ಕೇಳುವುದು ಒಂದು. ಸಿಪಾಯಿಗಳ ಮಾರ್ಚು, ದೇವರ ಹಾಡು, ಹಳೇ ಸಿನಿಮಾದ್ದು, ಹೊಲದ್ದು, ತೊಟ್ಟಿಲದ್ದು... ಎಲ್ಲ ಸೇರಿ ಮಾಮೂಲು. ಇದಕ್ಕೆ ಅಭ್ಯಾಸ ಅಂತ ಯಾರೂ ಕೂರುವುದಿಲ್ಲ. ಬ್ಯಾಂಡ್ ಮಾಸ್ಟರು ಬೆರಳು ಎತ್ತುತ್ತಾರೆ, ಹಾಡು ಶುರು. ಎರಡು ಬೆರಳಿಗೆ ಒಂದು ಹಾಡು, ಮುಷ್ಟಿಗೆ ಇನ್ನೊಂದು, ಕಿವಿ ಮುಟ್ಟಿಕೊಂಡರೆ ಮತ್ತೊಂದು. ಟ್ರಂಪೆಟ್ಟಿನವನಿಗೆ ಜ್ವರ ಬಂದರೆ ಬೇರೆ ಊರಿನ ಟ್ರಂಪೆಟ್ಟಿನವನು ಬಂದು ಕೂರುತ್ತಾನೆ. ಮಾಸ್ಟರ ಬೆರಳು ನೋಡುತ್ತಾನೆ, ಊದುತ್ತಾನೆ, ಊಟ ಮಾಡಿ ಹೋಗುತ್ತಾನೆ. ಅವನ ಹೆಸರೂ ಯಾರೂ ಕೇಳುವುದಿಲ್ಲ.

ನನ್ನ ತಮ್ಮ ಒಂದು ಹಾಡು ಕಟ್ಟಿದ್ದ. ಸ್ವಂತದ್ದು. ಒಂದು ಮಳೆಗಾಲ ಪೂರ್ತಿ ನಮ್ಮ ತಾರಸಿಯ ಮೇಲಿನ ತಗಡಿನ ಶೀಟಿನ ಕೆಳಗೆ ಕೂತು ಕಟ್ಟಿದ. ಒಂದು ಸಾಲು ಊದುವುದು, ಥೂ ಅನ್ನುವುದು, ಮತ್ತೆ ಅದೇ ಸಾಲು. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಪಕ್ಕದ ಮನೆಯ ಬೀಗದ ರಿಪೇರಿಯವನು ಒಂದು ದಿನ ತಡೆಯಲಾರದೆ ತನ್ನ ಎಡಗಾಲಿನ ಚಪ್ಪಲಿ ತೆಗೆದು ನಮ್ಮ ತಾರಸಿಗೆ ಎಸೆದ. ತಮ್ಮ ಅದನ್ನು ವಾಪಸು ಕೊಡಲಿಲ್ಲ. ಇನ್ನೊಂದನ್ನೂ ಎಸೆಯಲಿ, ನನ್ನ ಅಳತೆಯೇ ಇದೆ ಅಂದ. ಇದನ್ನೂ ನೆನಪಿಟ್ಟುಕೊಳ್ಳಿ.

ಹಾಡೆಲ್ಲ ಆಗಿತ್ತು. ಕೊನೆ ಮಾತ್ರ ಆಗಿರಲಿಲ್ಲ. ಕೊನೆಯ ಸಾಲಿಗೆ ಬಂದು ನಿಂತುಬಿಡುತ್ತಿತ್ತು, ಮೆಟ್ಟಿಲು ಮುಗಿದರೂ ಬಾಗಿಲು ಇಲ್ಲದ ಹಾಗೆ. ಆದರೂ ಅವನಿಗೆ ಒಂದೇ ಆಸೆ. ಆ ಹಾಡು ಮಾಮೂಲಿಗೆ ಸೇರಬೇಕು. ಮಾಸ್ಟರು ಒಂದೇ ಒಂದು ಸಲ ಮೈಕು ಹಿಡಿದು, ಈ ಹಾಡು ಕಟ್ಟಿದವನು ಇವನು ಅಂತ ಹೆಸರು ಹೇಳಬೇಕು. ಅಷ್ಟೇ. ರಾಜ್ಯ ಕೇಳಿದ್ದಲ್ಲ.

ಮಾಸ್ಟರು ನಕ್ಕಿದ್ದರು. ದಾರಿಯಲ್ಲಿ ಹೋಗುವವನನ್ನು ಕರೆದು ಕೂರಿಸಿದರೂ ಹೇಳಿಕೊಡದೆ ನುಡಿಸಬೇಕು, ಆಗ ಅದು ಮಾಮೂಲು, ನಿನ್ನದು ಯಾರಿಗೆ ಬರುತ್ತೆ ಅಂತ ನುಡಿಸಲಿ ಅಂದಿದ್ದರು. ನುಡಿಸದೆ ಜನಕ್ಕೆ ಗೊತ್ತಾಗುವುದು ಹೇಗೆ ಅಂತ ಇವನು ಕೇಳಿದ. ಜನಕ್ಕೆ ಗೊತ್ತಿಲ್ಲದ್ದನ್ನು ನುಡಿಸುವುದು ಹೇಗೆ ಅಂತ ಅವರು ಕೇಳಿದರು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ನಾನು ಕಾಲರ್ ಹೊಲಿಯುವ ಶೆಡ್ಡಿನಲ್ಲೂ ಇದೇ ನ್ಯಾಯ. ಹೊಸ ಮೆಷಿನ್ನು ಮುಟ್ಟಬೇಡ, ನಿನಗೆ ಬರಲ್ಲ. ಬರಲ್ಲ, ಯಾಕೆಂದರೆ ಮುಟ್ಟಿಲ್ಲ. ಜಗತ್ತೆಲ್ಲ ಇದೇ ಬೀಗ ಹಾಕಿಕೊಂಡು ಕೂತಿದೆ.

ಆ ರಾತ್ರಿ ಕ್ಲಬ್ಬಿನಲ್ಲಿ ಇವನು ತಡೆಯಲಿಲ್ಲ. ಎರಡು ಹಾಡಿನ ನಡುವೆ ಮಾಸ್ಟರು ನೀರು ಕುಡಿಯುತ್ತಿದ್ದಾಗ ಎದ್ದು ತನ್ನದನ್ನು ಶುರು ಮಾಡಿದ. ಡ್ರಮ್ಮು ಎಲ್ಲಿ ಸೇರಬೇಕು ಅಂತ ಗೊತ್ತಾಗದೆ ಸುಮ್ಮನಾಯಿತು. ಟ್ರಂಪೆಟ್ಟು ಎರಡು ಸಲ ತಡವರಿಸಿ ಬಿಟ್ಟಿತು. ಕುಣಿಯುತ್ತಿದ್ದ ಜೋಡಿಗಳು ಕಂಬಗಳ ಹಾಗೆ ನಿಂತರು. ಮಾಸ್ಟರು ಮೈಕು ತೆಗೆದುಕೊಂಡು, ಏನೂ ತಿಳಿಯಬೇಡಿ, ನಮ್ಮ ಪೀಪಿಗೆ ನಿದ್ದೆ ಬಂದಿದೆ, ಕನವರಿಸುತ್ತಿದೆ ಅಂದರು. ಕ್ಲಬ್ಬೇ ನಕ್ಕಿತು. ಬ್ಯಾಂಡಿನಲ್ಲಿ ಅವನನ್ನು ಪೀಪಿ ಅಂತಲೇ ಕರೆಯುತ್ತಿದ್ದರು. ಹೇಳಬೇಕಾದ ಹೆಸರು ಹೇಳಲಿಲ್ಲ, ಹೇಳಬಾರದ್ದನ್ನು ಮೈಕಿನಲ್ಲಿ ಹೇಳಿದರು.

ಹೀಗೆ ಅವನು ಬಾವಿಯ ಹತ್ತಿರ ಬಂದ.

ಬ್ಯಾಂಡಿನವರಿಗೆ ಆ ಬಾವಿ ಗೊತ್ತು. ಸ್ಟೇಜಿನ ಮೇಲೆ ಡ್ರಮ್ಮಿನ ಪಕ್ಕ ಕೂತವನಿಗೆ ತಾನು ಊದಿದ್ದು ತನಗೇ ಕೇಳುವುದಿಲ್ಲ. ಅದಕ್ಕೆ ಮನೆಗೆ ಹೋಗುವಾಗ ಬಾವಿಗೆ ಬಗ್ಗಿ ಊದುತ್ತಾರೆ. ಬಾವಿ ತಿರುಗಿ ಕೊಟ್ಟದ್ದನ್ನು ಕೇಳಿ ಶ್ರುತಿ ನೋಡಿಕೊಳ್ಳುತ್ತಾರೆ. ಬಾವಿಗೆ ಕೇಳಿಸುವುದು ಅಂತಲೇ ಅದಕ್ಕೆ ಹೆಸರು. ಡ್ರಮ್ಮು ಬಾರಿಸುವ ತಾತ, ಇವನು ಬ್ಯಾಂಡಿಗೆ ಸೇರಿದ ದಿನವೇ ಹೇಳಿದ್ದನಂತೆ.

"ಬಾವಿಗೆ ಮಾಮೂಲು ಕೇಳಿಸು. ನಿನ್ನದು ಕೇಳಿಸಬೇಡ."

ಯಾಕೆ ತಾತ ಅಂತ ಕೇಳಿದರೆ, ಹೇಳಿದಷ್ಟು ಕೇಳು ಅಂದನಂತೆ.

ಆ ರಾತ್ರಿ ಇವನು, ಮನುಷ್ಯರಂತೂ ಕೇಳಲಿಲ್ಲ, ಬಾವಿಯಾದರೂ ಕೇಳಲಿ ಅಂದುಕೊಂಡ. ಪೆಟ್ಟಿಗೆ ತೆರೆದ. ಕಟ್ಟೆಗೆ ಹೊಟ್ಟೆ ಆನಿಸಿ ಬಗ್ಗಿದ. ಮೊದಲ ಸಾಲು ಊದಿದ.

ಬಾವಿ ತಿರುಗಿ ಕೊಟ್ಟಿತು. ಚೆನ್ನಾಗಿಯೇ ಕೊಟ್ಟಿತು. ಎರಡನೆಯದು, ಮೂರನೆಯದು... ಆಮೇಲೆ ಅವನಿಗೆ ಅನ್ನಿಸಿತು, ಮಾರ್ದನಿ ಸ್ವಲ್ಪ ತಡವಾಗಿ ಬರುತ್ತಿದೆ. ಕೇಳಿಸಿಕೊಂಡು, ಯೋಚಿಸಿ, ಆಮೇಲೆ ನುಡಿಸಿದ ಹಾಗೆ. ಕ್ಲಾರಿನೆಟ್ಟನ್ನು ಬಾಯಿಯಿಂದ ತೆಗೆದು ಪಿಸುಗುಟ್ಟಿದ.

"ಯಾರು ಅಲ್ಲಿ?"

ಕೆಳಗಿನಿಂದ ಅದೇ ಪಿಸುಮಾತು. "ಯಾರು ಅಲ್ಲಿ?"

ಇವನು... ಹೆತ್ತವರು ಕಲಿಸಿದ ಮರ್ಯಾದೆ ನೋಡಿ... ತನ್ನ ಹೆಸರು ಹೇಳಿದ.

ಅದು ತಿರುಗಿ ಬರಲಿಲ್ಲ.

ಎಲೆ ಅಲ್ಲಾಡಲಿಲ್ಲ. ಕೆಳಗೆ ಎಲ್ಲೋ ಒಂದು ಹನಿ ಬಿತ್ತು... ತೊಟ್. ಇವನು ಮತ್ತೆ ಊದಿದ. ಪೂರ್ತಿ ಊದಿ, ಕೊನೆಯ ಸಾಲಿಗೆ ಬಂದು, ಎಂದಿನ ಹಾಗೆ ದಾರಿ ಸಿಗದೆ ನಿಂತ. ಬಾವಿಯೂ ಅಲ್ಲಿಗೇ ಬಂದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ.

ಆಮೇಲೆ ಕೆಳಗಿನಿಂದ ಹಾಡು ಮುಂದುವರಿಯಿತು.

ಕ್ಲಾರಿನೆಟ್ಟೇ. ಆದರೆ ಊದುವವನು ಉಸಿರು ಎಳೆದುಕೊಳ್ಳಲೇ ಇಲ್ಲ ಅಂದ ನನ್ನ ತಮ್ಮ. ಸಾಲು ಸಾಲಿನ ನಡುವೆ ಸ್ಸ್... ಅಂತ ಒಂದು ಸದ್ದು ಇರಬೇಕು ಅಕ್ಕ, ಎಂಥ ಉಸ್ತಾದನಿಗೂ ಇರುತ್ತೆ, ಅದಕ್ಕೆ ಇರಲಿಲ್ಲ ಅಂದ. ಅದು ಇವನ ಕೊನೆಯ ಸಾಲನ್ನು ಹಿಡಿದು, ಮೇಲಕ್ಕೆ ಒಯ್ದು, ತಿರುಗಿಸಿ, ನಿಧಾನವಾಗಿ ಇಳಿಸಿತು. ಇಳಿಸಿದ ಮೇಲೆ, ರಾಟೆ ಕೊಡ ಏನೂ ಇಲ್ಲದ ಆ ಬಾವಿಯೊಳಗೆ, ಮರದ ತುಂಡಿನಿಂದ ಕಲ್ಲಿಗೆ ಬಡಿದ ಹಾಗೆ...

ಠಕ್... ಠಕ್.

ಹಾಡು ಮುಗಿಯಿತು. ಇಷ್ಟು ದಿನ ಅವನು ಹುಡುಕುತ್ತಿದ್ದ ಕೊನೆ ಅದೇ. ಅದಲ್ಲದೆ ಬೇರೆ ಇರಲು ಸಾಧ್ಯವೇ ಇಲ್ಲ ಅನ್ನುವ ಹಾಗಿತ್ತು. ಅವನಿಗೆ ಭಯ ಆಗಲಿಲ್ಲ. ಖುಷಿ ಆಯಿತು. ಆ ಕೊನೆಯನ್ನು ಸೇರಿಸಿಕೊಂಡು ಮೊದಲಿನಿಂದ ಒಂದು ಸಲ ಊದಿದ, ಕಟ್ಟೆಗೆ ಬೆರಳ ಗಿಣ್ಣಿನಿಂದ ಎರಡು ಸಲ ಬಡಿದ. ಪೆಟ್ಟಿಗೆ ಮುಚ್ಚಿ ಹೊರಟ. ಆಲದ ಮರ ದಾಟಿದ ಮೇಲೆ ಹೊಳೆಯಿತಂತೆ... ನಾನು ಊದದೇ ಇದ್ದದ್ದನ್ನು ಬಾವಿ ಹೇಗೆ ತಿರುಗಿ ಕೊಟ್ಟಿತು? ಅಲ್ಲಿಂದ ಓಡಿದವನು ಮನೆಯ ಚಿಲಕ ಹಾಕಿದ ಮೇಲೆಯೇ ನಿಂತದ್ದು.

ಬೆಳಿಗ್ಗೆ ನನಗೆ ಹೇಳಿದ. ನಾನು ನಕ್ಕೆ. ನಿದ್ದೆಗೆಟ್ಟವನ ಕಿವಿ, ಬಾವಿಯಲ್ಲಿ ಕಪ್ಪೆ ಇದ್ದೀತು ಅಂದೆ. ಕಪ್ಪೆ ಕ್ಲಾರಿನೆಟ್ಟು ಊದಲ್ಲ ಅಕ್ಕ ಅಂದ. ನಿಮ್ಮ ಮಾಸ್ಟರು ಊದುತ್ತಾರಲ್ಲ, ಕಪ್ಪೆಗೇನು ಕಷ್ಟ ಅಂದೆ. ಅವನು ನಗಲಿಲ್ಲ. ಕೊನೆಯನ್ನು ಊದಿ ತೋರಿಸಿದ. ನನ್ನ ನಗುವೂ ನಿಂತಿತು. ಅಷ್ಟು ಚೆನ್ನಾಗಿತ್ತು.

ಮುಂದಿನ ವಾರ ಒಂದು ಮದುವೆಯ ಔತಣಕ್ಕೆ ಅವರ ಬ್ಯಾಂಡು. ಇವತ್ತು ಪೂರ್ತಿ ನುಡಿಸುತ್ತೇನೆ, ಬೇಕಾದರೆ ಕೆಲಸದಿಂದ ತೆಗೆಯಲಿ, ನೀನು ಬಂದು ಕೇಳು ಅಂದ. ನಾನು ಶಿಫ್ಟು ಬಿಟ್ಟು ಹೋದೆ. ಅಡುಗೆಮನೆಯ ಬಾಗಿಲ ಹತ್ತಿರ, ತಟ್ಟೆ ಒಯ್ಯುವವರ ನಡುವೆ ನಿಂತೆ. ಅವತ್ತು ಟ್ರಂಪೆಟ್ಟಿಗೆ ಬೇರೆ ಊರಿನವನು ಬಂದಿದ್ದ. ಸಂಜೆ ಬಸ್ಸಿಳಿದವನು, ನನ್ನ ತಮ್ಮನ ಮುಖವನ್ನೇ ಮೊದಲ ಸಲ ನೋಡಿದವನು.

ನಡುವೆ ಬಿಡುವು ಬಂತು. ತಮ್ಮ ಎದ್ದು ನಿಂತ. ಮೊದಲ ಸಾಲು ಊದಿದ.

ಎರಡನೆಯ ಸಾಲಿಗೆ ಡ್ರಮ್ಮು ಸೇರಿತು. ಮೂರನೆಯದಕ್ಕೆ ಟ್ರಂಪೆಟ್ಟು. ಆ ಬೇರೆ ಊರಿನವನು ಕಣ್ಣು ಮುಚ್ಚಿಕೊಂಡು, ತಪ್ಪಿಲ್ಲದೆ, ಇವನ ಕೆಳಗೆ ಸ್ವರ ಹಿಡಿದು ನುಡಿಸಿದ. ಜೋಡಿಗಳು ಎದ್ದು ಸುತ್ತತೊಡಗಿದರು. ಮುದುಕರು ತಲೆ ತೂಗಿದರು. ನನ್ನ ಪಕ್ಕ ತಟ್ಟೆ ಹಿಡಿದಿದ್ದ ಹೆಂಗಸು ಗುನುಗುತ್ತಿದ್ದಳು... ಅವಳಿಗೆ ಮುಂದಿನ ಸಾಲು ಬರುವುದಕ್ಕೆ ಮೊದಲೇ ಗೊತ್ತಿತ್ತು. ಕೊನೆ ಬಂತು. ಡ್ರಮ್ಮಿನ ತಾತ ಕೋಲನ್ನು ಅಡ್ಡ ಹಿಡಿದು ಡ್ರಮ್ಮಿನ ಮರದ ಅಂಚಿಗೆ ಬಡಿದ. ಠಕ್... ಠಕ್. ಅದೇ ಹೊತ್ತಿಗೆ ಛತ್ರದಷ್ಟು ದೊಡ್ಡ ಆ ಕೋಣೆಯಲ್ಲಿ ಎಲ್ಲರೂ ಮೇಜಿಗೆ, ಲೋಟಕ್ಕೆ, ಕುರ್ಚಿಯ ಕೈಗೆ ಎರಡು ಸಲ ಬಡಿದರು. ಒಬ್ಬರೂ ತಪ್ಪಲಿಲ್ಲ.

ನನ್ನ ತಮ್ಮನ ಮುಖ ಸುಣ್ಣದ ಹಾಗಿತ್ತು.

ಮಾಸ್ಟರು ಹಿಂದಿನ ಓಣಿಯಲ್ಲಿ ಅವನ ಬೆನ್ನು ತಟ್ಟಿದರು. ಈಗ ಬುದ್ಧಿ ಬಂತು ನೋಡು, ಹಳೇದನ್ನು ತೆಗೆದೆಯಲ್ಲ ಅಂದರು. ಇದು ನಂದು ಮಾಸ್ಟ್ರೇ ಅಂದ ಇವನು, ಬಹಳ ಮೆಲ್ಲಗೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾನು ಕೊಳಲು ಹಿಡಿಯೋಕೆ ಬರದೆ ಇರುವಾಗ ಕಲ್ತಿದ್ದು ಇದನ್ನೇ ಕಣೋ. ನಾಳೆ ಚಂದ್ರನೂ ನಮ್ಮ ಹಿತ್ತಲದ್ದೇ ಅನ್ನು."

ಹೋದ ವಾರ ಇದೇ ಹಾಡಿಗೆ ನೀವೇ ಅವನನ್ನು ಮೈಕಿನಲ್ಲಿ ಗೇಲಿ ಮಾಡಿದಿರಲ್ಲ ಅಂತ ನಾನು ನಡುವೆ ಬಿದ್ದು ಕೇಳಿದೆ. ಅದು ಬೇರೆ ಏನೋ ಅಪಸ್ವರ, ಇದು ಹಾಡು ಅಂದರು. ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರ ಕಣ್ಣು ನನಗೆ ಗೊತ್ತು, ಜೀವಮಾನವೆಲ್ಲ ಅಂಥವರ ಎದುರು ನಿಂತವಳು ನಾನು. ಅವರು ನಂಬಿಯೇ ಹೇಳುತ್ತಿದ್ದರು. ಸುಳ್ಳನ ಜೊತೆ ಜಗಳ ಆಡಬಹುದು. ನಂಬಿದವನ ಜೊತೆ ಏನು ಮಾಡುವುದು?

ಡ್ರಮ್ಮಿನ ತಾತ ಮಾತ್ರ ನನ್ನ ಕಣ್ಣು ತಪ್ಪಿಸುತ್ತಿದ್ದ. ಕೋಲುಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದವನ ಮುಂದೆ ಹೋಗಿ ನಿಂತೆ.

"ಬಾವಿಗೆ ಕೇಳಿಸಿದನಾ?" ಪಿಸುಗುಟ್ಟಿದ.

"ಹೂಂ."

"ಹೆಸರೂ ಹೇಳಿದನಾ?"

"ಹೂಂ."

ತಾತ ಸುತ್ತುವುದನ್ನು ನಿಲ್ಲಿಸಿದ.

"ಮಾಮೂಲಿನಲ್ಲಿ ನನ್ನದೂ ಒಂದಿದೆ ಮಗಳೇ."

"ಯಾವುದು ತಾತ?"

"ಅದೇ... ನೆನಪಿಲ್ಲ."

ಆ ರಾತ್ರಿ ನಾನು ಮಲಗಲಿಲ್ಲ. ಮಾಮೂಲು, ಮಾಮೂಲು ಅಂತ ಊರೆಲ್ಲ ಕುಣಿಯುತ್ತದೆ. ಒಂದು ದಿನವಾದರೂ ಯಾರಾದರೂ ಕೇಳಿದ್ದಾರಾ, ಇದನ್ನು ಕಟ್ಟಿದವರು ಯಾರು ಅಂತ? ಜನರ ಹಾಡು ಅನ್ನುತ್ತಾರೆ. ಜನ ಅಂದರೆ ಯಾರು? ಹೊಲಿಯದೆ ಅಂಗಿ ಬರುವುದಿಲ್ಲ, ಕಟ್ಟದೆ ಹಾಡು ಬರುವುದಿಲ್ಲ. ಯಾವುದೋ ತಗಡಿನ ಕೆಳಗೆ ಯಾರೋ ಒಬ್ಬ ಥೂ ಅಂದುಕೊಂಡು, ಚಪ್ಪಲಿ ಎಸೆಸಿಕೊಂಡು ಕಟ್ಟಿರುತ್ತಾನೆ. ಅಂಗಿಗೆ ಅಂಗಡಿಯ ಹೆಸರು ಅಂಟಿಸುತ್ತಾರೆ. ಹಾಡಿಗೆ ಅದೂ ಇಲ್ಲ.

ಸಾಕ್ಷಿ ಹುಡುಕಲು ಹೊರಟೆ. ಮೊದಲು ಬೀಗದ ರಿಪೇರಿಯವನು. ಮಳೆಗಾಲವೆಲ್ಲ ಈ ಹಾಡು ಕೇಳಿ ಚಪ್ಪಲಿ ಎಸೆದೆಯಲ್ಲಪ್ಪ, ನೆನಪಿದೆಯಾ ಅಂದೆ. ಇಷ್ಟು ಒಳ್ಳೇ ಹಳೇ ಹಾಡಿಗೆ ಯಾರಾದರೂ ಚಪ್ಪಲಿ ಎಸೀತಾರಾ ಅಂತ ನನ್ನನ್ನೇ ಬೈದ. ಹಾಗಾದರೆ ಬಾಗಿಲ ಹಿಂದೆ ಬಲಗಾಲಿನದು ಒಂದೇ ಯಾಕಿದೆ ಅಂದೆ. ಅದನ್ನೇ ನಾನೂ ಹುಡುಕುತ್ತಿದ್ದೇನೆ, ನಾಯಿ ಒಯ್ದಿರಬೇಕು ಅಂದ. ಎಡಗಾಲಿನದು ಈಗಲೂ ನಮ್ಮ ತಾರಸಿಯ ಮೇಲಿದೆ. ಬಂದು ನೋಡಬಹುದು.

ಆಮೇಲೆ ಚಿಕ್ಕಮ್ಮ. ಹೆತ್ತ ತಾಯಿ. ಆ ಹಾಡಿನ ಒಂದೊಂದು ಸಾಲೂ ಅವಳ ತಲೆಯ ಮೇಲೇ ಹುಟ್ಟಿದ್ದು. ತಾರಸಿಯ ಕೆಳಗಿನ ಅವಳ ಕೋಣೆಗೆ ನಾನು ಹೋದಾಗ ಒಗೆದ ಬಟ್ಟೆ ಮಡಚುತ್ತಿದ್ದಳು. ಗುನುಗುತ್ತಿದ್ದಳು. ಯಾವುದನ್ನು ಅಂತ ಹೇಳಬೇಕಾಗಿಲ್ಲ. ತಮ್ಮ ಬಾಗಿಲಲ್ಲಿ ಅಂಗಿ ಹಿಡಿದು ನಿಂತಿದ್ದ. ಕೊನೆಗೆ ಬಂದಾಗ ಚಿಕ್ಕಮ್ಮ, ನೋಡದೆ, ಪೆಟ್ಟಿಗೆಯ ಮುಚ್ಚಳಕ್ಕೆ ಗಿಣ್ಣಿನಿಂದ ಬಡಿದಳು. ಠಕ್... ಠಕ್.

"ಅಮ್ಮ, ಇದು ಎಲ್ಲಿ ಕಲ್ತೆ?" ಅಂದ ಅವನು.

"ನಮ್ಮಮ್ಮ ನನ್ನ ಮಲಗಿಸೋವಾಗ ಹೇಳ್ತಿದ್ದಳಲ್ಲೋ. ನಿನಗೂ ಹೇಳಿದೀನಿ. ಮರೆತೆಯಾ?"

ಅವನು ಅಂಗಿ ಹಾಕಿಕೊಂಡ. ಗುಂಡಿ ತಪ್ಪು ತೂತಿಗೆ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ.

ಆಮೇಲೆ ಎಲ್ಲ ಕಡೆ ಅದೇ. ಮದುವೆಯಲ್ಲಿ ಬೇಗ ಬೇಗ, ಹೆಣದ ಹಿಂದೆ ನಿಧಾನವಾಗಿ. ಶಾಲೆಯ ಮಕ್ಕಳು ಸಾಲಾಗಿ ಹೋಗುವಾಗ ಮಾರ್ಚಿನ ಹಾಗೆ. ನಮ್ಮ ಶೆಡ್ಡಿನ ರೇಡಿಯೋದಲ್ಲಿ ಯಾವಳೋ ತಂತಿವಾದ್ಯದಲ್ಲಿ ನುಡಿಸಿದಳು, ಬಹಳ ಹಿಂದಿನ ಹಾಡು, ಕಟ್ಟಿದವರು ತಿಳಿದಿಲ್ಲ ಅಂತ ಕಾರ್ಯಕ್ರಮ ನಡೆಸುವವನು ಹೇಳಿದ. ಎಲ್ಲರೂ ಹೊಲಿಯುತ್ತಲೇ ಮೆಷಿನ್ನಿನ ಹಲಗೆಗೆ ಎರಡು ಸಲ ಬಡಿದರು. ನಾನು ಎದ್ದು ರೇಡಿಯೋ ಆರಿಸಿದೆ. ಇವಳಿಗೆ ಹಾಡೂ ಆಗಲ್ಲ ಅಂದರು.

ಅವನ ಪರವಾಗಿ ನಾನು ಎಲ್ಲೆಲ್ಲಿ ಜಗಳ ಆಡಿದೆ ಅಂತ ಹೇಳುವುದಿಲ್ಲ, ನಗುತ್ತೀರಿ. ಒಂದು ದಿನ ಅವನೇ ನನ್ನನ್ನು ತಡೆದ. ಬೀದಿಯ ನಲ್ಲಿಯ ಹತ್ತಿರ, ಕೊಡ ತುಂಬುವ ಸದ್ದಿನ ನಡುವೆ, ಕೇಳಿಸದಷ್ಟು ಮೆಲ್ಲಗೆ ಹೇಳಿದ.

"ಬಿಡು ಅಕ್ಕ. ಹಳೇದೇ ಇರಬೇಕು. ಚಿಕ್ಕವನಾಗಿದ್ದಾಗ ಎಲ್ಲೋ ಕೇಳಿರ್ತೀನಿ."

ಅವನ ಕಣ್ಣು ನೋಡಿದೆ. ಮಾಸ್ಟರ ಕಣ್ಣಿನ ಹಾಗೇ ಇತ್ತು. ನಂಬಿಯೇ ಹೇಳುತ್ತಿದ್ದ.

ಈಗ ಅವನು ಹೊಸದನ್ನು ಕಟ್ಟುವುದಿಲ್ಲ. ಬೆರಳು ನೋಡುತ್ತಾನೆ, ಊದುತ್ತಾನೆ, ಊಟ ಮಾಡಿ ಬರುತ್ತಾನೆ. ಆ ಹಾಡಿಗೆ ಮಾಸ್ಟರ ಗುರುತು ಕೂಡ ಇದೆ: ಗಾಳಿಗೆ ಎರಡು ಸಲ ಗಿಣ್ಣು ಬಡಿಯುತ್ತಾರೆ. ಅದನ್ನು ಕಟ್ಟಿದವನು ಯಾರು ಅಂತ ಗೊತ್ತಿರುವುದು, ಬಾಯಿ ಬಿಡದ ಆ ತಾತನನ್ನು ಬಿಟ್ಟರೆ, ಇಡೀ ಲೋಕದಲ್ಲಿ ನನಗೊಬ್ಬಳಿಗೆ. ನನಗೋ, ಹಾಡಲೂ ಬರುವುದಿಲ್ಲ, ಊದಲೂ ಬರುವುದಿಲ್ಲ. ಕೂಗುವುದಕ್ಕೆ ಮಾತ್ರ ಬರುತ್ತದೆ.

ಅದಕ್ಕೇ ಹೋದ ತಿಂಗಳು ರಾತ್ರಿ ಪಾಳಿ ಮುಗಿಸಿ, ಆ ತಿರುವಿನಲ್ಲಿ ಹೋಗಿ ನಿಂತೆ. ಬೆಳದಿಂಗಳಿತ್ತು. ಮರದ ಮೇಲೆ ಒಂದು ಹಕ್ಕಿಯೂ ಇಲ್ಲ. ಕಟ್ಟೆ ಹಿಡಿದು ಬಗ್ಗಿದೆ. ಫ್ಯಾಕ್ಟರಿ ಗೇಟುಗಳ ಮುಂದೆ ನಿಂತು ಘೋಷಣೆ ಕೂಗಿದ ಗಂಟಲು ನನ್ನದು, ಎಷ್ಟು ಗಟ್ಟಿ ಅಂತ ನಿಮಗೆ ಗೊತ್ತು. ಈ ಹಾಡು ಕಟ್ಟಿದವನು, ಅಂತ ಕೂಗಿ, ಅವನ ಹೆಸರು ಕೂಗಿ, ನನ್ನ ತಮ್ಮ, ಅಂತ ಕೂಗಿದೆ.

ಬಾವಿ ತಡಮಾಡಿತು. ಆಮೇಲೆ ನನ್ನದೇ ದನಿಯಲ್ಲಿ ತಿರುಗಿ ಕೊಟ್ಟಿತು.

"ಈ ಹಾಡು ಕಟ್ಟಿದವನು..."

ಠಕ್... ಠಕ್.

"...ನನ್ನ ತಮ್ಮ."

ಅವನ ಹೆಸರು ಎರಡೇ ಅಕ್ಷರದ್ದು.

ಮತ್ತೆ ಕೂಗಿದೆ. ಮತ್ತೆ ಹಾಗೇ. ಗಂಟಲು ಒಡೆಯುವ ತನಕ ಕೂಗಿದೆ. ಇದು ನಡೆದದ್ದು. ನನ್ನ ಕಿವಿಗೆ ಏನೂ ಆಗಿಲ್ಲ, ತಲೆಗೂ ಆಗಿಲ್ಲ. ಕಟ್ಟುಕತೆ ಅನ್ನುವವರು ಅಷ್ಟು ದೂರ ಹೋಗುವುದೂ ಬೇಡ. ಆ ಹಾಡು ನಿಮಗೂ ಗೊತ್ತು. ನಿಮ್ಮ ಮನೆಯಲ್ಲೂ ಯಾರಾದರೂ ಪಾತ್ರೆ ತೊಳೆಯುತ್ತಲೋ ಬಟ್ಟೆ ಮಡಚುತ್ತಲೋ ಗುನುಗುತ್ತಾರೆ. ಕೊನೆಗೆ ಬಂದಾಗ ಅವರ ಕೈ ನೋಡಿ.